ನಾಲ್ಕು ಮನೆಯ ಸೋಮವಾರ

ಮೈಸೂರು
18-11-1998, ಬುಧವಾರ

ಸೌಭಾಗ್ಯವತಿ ಗಿರಿಜಾಂಬೆಗೆ ನಿನ್ನ ಸದಾಶಿವಯ್ಯ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಮಂಡಿನೋವು ಹೇಗಿದೆ ಎಂದು ಬರೆ. ತುಮಕೂರಿನ ಆ ಮಹಡಿ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದೀಯೆ ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ನಾನು ಹೇಳಿದರೆ ಕೇಳುವವಳಲ್ಲ, ಬಿಡು. ಚೂಡಾಮಣಿ ಹೇಗಿದ್ದಾಳೆ? ಕೂಸು ಒಂದೇ ಸಮನೆ ಅಳುತ್ತದಂತೆ. ಅದು ನಿನ್ನ ತೌರಿನ ಕಡೆಯ ಬುದ್ಧಿ, ನಮ್ಮ ಮನೆತನದಲ್ಲಿ ಯಾರೂ ಅಷ್ಟು ಅತ್ತವರಿಲ್ಲ. ಬಾಣಂತಿಗೆ ದಿನವೂ ಮೆಣಸಿನ ಸಾರನ್ನೇ ಹುಯ್ಯಬೇಡ, ಪಾಪ, ನಮ್ಮ ಮಗಳ ನಾಲಗೆ ಕೆಟ್ಟುಹೋದೀತು. ನಾನು ಚೆನ್ನಾಗಿದ್ದೇನೆ. ವಾಣಿ ಹೊತ್ತುಹೊತ್ತಿಗೆ ಬಡಿಸುತ್ತಾಳೆ. ಸೊಸೆಯನ್ನು ಹೊಗಳಿದರೆ ನಿನಗೆ ಒಂಥರಾ ಆಗುತ್ತದೆ ಎಂದು ಗೊತ್ತಿದ್ದೂ ಬರೆಯುತ್ತೇನೆ: ಅವಳ ಕೈಯ ಉಪ್ಪುಸಾರು ನಿನ್ನದಕ್ಕಿಂತ ಗುಲಗಂಜಿಯಷ್ಟು ಮೇಲು. ಸಿಟ್ಟು ಮಾಡಿಕೊಳ್ಳಬೇಡ, ಗುಲಗಂಜಿಯಷ್ಟು ಮಾತ್ರ.

ನೀನು ತುಮಕೂರಿನ ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಊರೆಲ್ಲ ಕೇಳುವಂತೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ಮೂರು ತಿಂಗ್ಳು ಮಗನ ಮನೇಲಿ ನೆಟ್ಟಗಿರಿ. ಜಗಳ ಆಡ್ಕೊಂಡು ಬಂದ್ಬುಟ್ರೆ ನಾನು ನಿಮ್ಮ ಮುಖ ನೋಡಲ್ಲ. ಆ ಜೋಳಿಗೆ ಗೂಟದ ಮೇಲೇ ಇರ್ಲಿ’ ಎಂದೆ. ನಾನು ಹೂಂ ಅಂದೆ. ಮನೆಗೆ ಬಂದು ಅದೇ ಜೋಳಿಗೆಯನ್ನು ಮಡಿಸಿ ಟ್ರಂಕಿನಲ್ಲಿ ಕಂಬಳಿಯ ಕೆಳಗೆ ಇಟ್ಟುಕೊಂಡು ಮೈಸೂರಿನ ಬಸ್ಸು ಹತ್ತಿದೆ. ಕೈಗಂಟೆ ಸದ್ದು ಮಾಡೀತೆಂದು ಅದರೊಳಕ್ಕೆ ಬಟ್ಟೆ ತುರುಕಿದ್ದೆ. ಕಳ್ಳತನವೇ ಸರಿ, ಒಪ್ಪುತ್ತೇನೆ. ಆದರೆ ನಾನು ಏನು ಮಾಡಲಿ ಹೇಳು. ಹನ್ನೆರಡನೇ ವಯಸ್ಸಿಗೆ ದೀಕ್ಷೆಯಾದ ದಿನ ನಮ್ಮಪ್ಪ ಹಾಕಿದ ಕಟ್ಟಳೆ ಅದು. ಸೋಮವಾರ ಹೊತ್ತು ನೆತ್ತಿ ದಾಟುವ ಮುಂಚೆ ಐದು ಮನೆಯ ಬಾಗಿಲಲ್ಲಿ ನಿಲ್ಲಬೇಕು. ಅವರು ಹಾಕಿದ್ದನ್ನು ಬೇಯಿಸಿ, ಲಿಂಗಕ್ಕೆ ತೋರಿಸಿ, ಅದನ್ನೇ ಉಣ್ಣಬೇಕು. ಐದು ತುಂಬದಿದ್ದರೆ ಆ ದಿನ ಉಪವಾಸ. ದುಡ್ಡು ಮುಟ್ಟಬಾರದು. ಒಡಹುಟ್ಟಿದವರ ಮನೆ, ಮಕ್ಕಳ ಮನೆ ಲೆಕ್ಕಕ್ಕಿಲ್ಲ. ನಮ್ಮದನ್ನೇ ನಾವು ಬೇಡಿದರೆ ಅದು ಭಿಕ್ಷವಲ್ಲ. ಐವತ್ತೊಂದು ವರ್ಷದಲ್ಲಿ ಒಂದು ಸೋಮವಾರ ತಪ್ಪಿಸಿದವನಲ್ಲ, ಒಂದು ಸೋಮವಾರ ಉಪವಾಸ ಬಿದ್ದವನೂ ಅಲ್ಲ. ಇದನ್ನು ಮೂರು ತಿಂಗಳು ಗೂಟಕ್ಕೆ ನೇತುಹಾಕಿ ಬಾ ಎಂದರೆ ಹೇಗೆ ಬರಲಿ?

ನಿನಗೂ ನನಗೂ ಗೊತ್ತಿದ್ದ ಮೈಸೂರು ಎಂದರೆ ಅರಮನೆ, ಬೆಟ್ಟ, ದೊಡ್ಡಾಸ್ಪತ್ರೆ, ಮದುವೆಯ ಜವಳಿ ತೆಗೆಯುವ ಅಂಗಡಿಸಾಲು. ವಿಶ್ವನ ಮನೆಯಿರುವ ಮೈಸೂರೇ ಬೇರೆ ಕಣೇ. ಜಯಲಕ್ಷ್ಮಿಪುರಂ ದಾಟಿ, ಇನ್ನೇನು ಊರು ಮುಗಿಯಿತು ಎಂದುಕೊಳ್ಳುವಾಗ ಬೋಗಾದಿ ಕಡೆ ಈ ಹೊಸ ಬಡಾವಣೆ ಶುರುವಾಗುತ್ತದೆ. ರಸ್ತೆಗಳಿಗೆ ಹೆಸರಿಲ್ಲ, ಬರೀ ನಂಬರು. ಮೂರನೇ ಮೇನು, ಹನ್ನೊಂದನೇ ಕ್ರಾಸು. ಎರಡು ಮನೆ ಎದ್ದರೆ ನಡುವೆ ಒಂದು ಸೈಟು ಪಾರ್ಥೇನಿಯಂ ಬೆಳೆದು ನಿಂತಿರುತ್ತದೆ. ಮನೆಗಳೇನೋ ಚೆನ್ನ, ಗ್ರಾನೈಟು ಹಾಸಿ ಕಾಲು ಜಾರುವಂತೆ ಮಾಡಿದ್ದಾರೆ. ಆದರೆ ಒಂದು ಮನೆಗಾದರೂ ಜಗಲಿ ಇಲ್ಲ. ದಾರಿಹೋಕ ಕೂತಾನು ಎಂಬ ಭಯವೋ ಏನೋ, ಗೇಟು ಹಾಕಿ ನಾಯಿಯ ಬೋರ್ಡು ತೂಗುಹಾಕಿದ್ದಾರೆ. ಬಂದ ಮರುದಿನ ಹಾಲು ತರಲು ಹೋದವನು ವಾಪಸು ಬರುವಾಗ ಒಂಬತ್ತನೇ ಕ್ರಾಸಿನ ಮನೆಯೊಂದಕ್ಕೆ ಸೀದಾ ನುಗ್ಗಿ ‘ವಾಣಿ, ಹಾಲು ತಗೋಮ್ಮ’ ಎಂದೆ. ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತಿದ್ದ ಮನುಷ್ಯ ಪೇಪರು ಕೆಳಗಿಟ್ಟು ನನ್ನನ್ನೇ ನೋಡಿದ. ನಮ್ಮ ಐಶ್ವರ್ಯಳಿಗೆ ಈ ಕಥೆ ದಿನಕ್ಕೊಂದು ಸಲ ಹೇಳಬೇಕು, ಮೊಮ್ಮಗಳು ಬಿದ್ದುಬಿದ್ದು ನಗುತ್ತಾಳೆ.

ಆ ಮೊದಲನೇ ಸೋಮವಾರ, ವಿಶ್ವ ಸ್ಕೂಟರು ಹತ್ತಿ ಆಫೀಸಿಗೆ ಹೋದ ಮೇಲೆ, ಗಂಟೆಯೊಳಗಿನ ಬಟ್ಟೆ ಕಿತ್ತು ಜೋಳಿಗೆ ಹೆಗಲಿಗೇರಿಸಿ ಹೊರಟೆ. ವಾಣಿ ಬಚ್ಚಲಲ್ಲಿದ್ದಳು. ಮೊದಲ ಗೇಟಿನಲ್ಲಿ ಗಂಟೆ ಬಾರಿಸಿದರೆ ಕಿಟಕಿಯ ಪರದೆ ಸರಿಯಿತು, ಹಾಗೇ ಮುಚ್ಚಿತು. ಎರಡನೆಯ ಮನೆಯಾಕೆ ಗೇಟಿನ ಮೇಲಿಂದ ನಾಣ್ಯ ಚಾಚಿದಳು; ದುಡ್ಡು ಮುಟ್ಟುವುದಿಲ್ಲ ತಾಯಿ ಎಂದರೆ ಬೆಪ್ಪಾದಳು. ಮೂರನೆಯವರು ‘ಮುಂದಕ್ಕೆ ಹೋಗಪ್ಪ’ ಎಂದರು. ನಾನು ಯೋಚನೆ ಮಾಡಿದೆ: ತಪ್ಪು ನನ್ನದೇ. ಊರಿನಲ್ಲಾದರೆ ನಾನು ಯಾರು ಎಂದು ಹೇಳಬೇಕಾಗಿಲ್ಲ. ಇಲ್ಲಿ ಗುರುತಿಲ್ಲದವನು ಗುರುತು ಹೇಳಿಕೊಳ್ಳುವುದು ಮರ್ಯಾದೆ. ಸರಿ, ನಾಲ್ಕನೇ ಗೇಟಿನಿಂದ ಶುರುಮಾಡಿದೆ: ‘ಇಲ್ಲೇ ಹನ್ನೊಂದನೇ ಕ್ರಾಸಿನ ವಿಶ್ವನಾಥ್ ಇದ್ದಾರಲ್ಲ, ಮಿಲ್ಲಿನಲ್ಲಿ ಆಫೀಸರು, ಅವರ ತಂದೆ ನಾನು. ಭಿಕ್ಷಕ್ಕೆ ಬಂದಿದ್ದೀನಿ.’ ಏನು ಹೇಳಲಿ ಗಿರಿಜಾ, ಬಾಗಿಲುಗಳು ತಾವಾಗಿ ತೆರೆದವು! ಗಂಡಸರು ಎದ್ದು ಬಂದರು, ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡು ಸೇರುಗಟ್ಟಲೆ ಅಕ್ಕಿ ತಂದು ಸುರಿದರು. ಎಂಥ ಭಕ್ತಿವಂತರು, ನನ್ನ ಮಗನಿಗೆ ಎಂಥ ಗೌರವ ಎಂದು ಬೀಗಿಕೊಂಡು ಮನೆಗೆ ಬಂದೆ. ಅವರು ಭಕ್ತಿಗೆ ಹಾಕಿದರೋ ನನ್ನ ಅವಸ್ಥೆಗೆ ಮರುಗಿ ಹಾಕಿದರೋ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಸಂಜೆ ಹಾಲಿನ ಬೂತಿನ ಹತ್ತಿರ ಯಾರೋ ವಿಶ್ವನನ್ನು ಕೇಳಿದರಂತೆ: ‘ಸಾರ್, ತಂದೆಯವ್ರಿಗೆ ಮನೇಲಿ ಊಟಕ್ಕೆ ಏನಾದ್ರೂ ತೊಂದ್ರೆನಾ?’ ಮನೆಗೆ ಬಂದವನು ಕೂಗಾಡಿದ್ದರೆ ನಾನೂ ಕೂಗಾಡಿ ಬಸ್ಸು ಹಿಡಿಯುತ್ತಿದ್ದೆ, ನೀನು ಹೆದರಿದ್ದಂತೆಯೇ ಆಗುತ್ತಿತ್ತು. ಅವನು ಕೂಗಾಡಲಿಲ್ಲ. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಎದುರಿಗೆ ಕೂತು, ‘ಸ್ಕೂಲಲ್ಲಿ ಅನುಭವಿಸಿದ್ದು ಸಾಲ್ಲಿಲ್ವಾ ಅಪ್ಪಾಜಿ?’ ಎಂದ. ಅವನನ್ನು ಎಂಟು ವರ್ಷದವನಿದ್ದಾಗಿಂದ ಸೋಮವಾರ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದೆನಲ್ಲ. ಕ್ಲಾಸಿನ ಹುಡುಗರ ಮನೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಮಂಗಳವಾರ ಸ್ಕೂಲಿನಲ್ಲಿ ಅವನನ್ನು ‘ಭಿಕ್ಷದ ವಿಶ್ವ’ ಎಂದು ಕರೆಯುತ್ತಿದ್ದರು ಎಂದು ನೀನು ಹೇಳಿದಾಗ ‘ಕರೀಲಿ ಬಿಡೆ, ಇರೋದನ್ನ ತಾನೇ ಕರೀತಾರೆ’ ಎಂದಿದ್ದೆ. ಹದಿನಾರಕ್ಕೆ ಹಾಸ್ಟೆಲಿಗೆ ಹೋದವನು ಆರು ವರ್ಷ ಊರಿನ ಕಡೆ ತಲೆ ಹಾಕಲಿಲ್ಲ. ಆಮೇಲೂ ಬಂದರೆ ಒಂದು ದಿನ, ಉಂಡು ಹೊರಟ. ಈ ಮೂರು ತಿಂಗಳು ನನ್ನನ್ನು ಕರೆಸಿಕೊಂಡದ್ದೇ ಹೆಚ್ಚು. ಈಗ ಮತ್ತೆ ಅವನನ್ನು ಕಳೆದುಕೊಂಡರೆ ಇನ್ನೊಂದು ಸಲ ಕರೆಯುವವನಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೆ ಮಾತು ಕೊಟ್ಟೆ: ಈ ಬಡಾವಣೆಯಲ್ಲಿ ಜೋಳಿಗೆ ತೆಗೆಯುವುದಿಲ್ಲ, ನಿನ್ನ ಹೆಸರನ್ನು ಎಲ್ಲಿಯೂ ಎತ್ತುವುದಿಲ್ಲ, ನನ್ನನ್ನು ಯಾರೂ ಅರಿಯದ ಕಡೆಗೆ ಹೋಗಿ ಬರುತ್ತೇನೆ. ಅವನು ತಲೆಯಾಡಿಸಿದ. ಎಲ್ಲಿಗೆ ಎಂದು ಕೇಳಲಿಲ್ಲ.

ಹೀಗೆ ಎರಡನೆಯ ಸೋಮವಾರ ಸಿಟಿ ಬಸ್ಸು ಹತ್ತಿ ಊರೊಳಕ್ಕೆ ಬಂದೆ. ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯ ಮುಂದೆ ಯಾವ ಕಡೆಗೆ ಹೋಗಲಿ ಎಂದು ನಿಂತಿದ್ದಾಗ, ಸೈಕಲ್ಲು ಹಿಡಿದಿದ್ದ ಮುದುಕರೊಬ್ಬರು ನನ್ನ ವಿಭೂತಿ, ಜೋಳಿಗೆ ನೋಡಿ ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಿ ಬಂದು ಕಾಲು ಮುಟ್ಟಿದರು. ಹೆಸರು ಸಿದ್ದಮಲ್ಲಪ್ಪ, ಮೂವತ್ತನಾಲ್ಕು ವರ್ಷ ನೂಲಿನ ಮಿಲ್ಲಿನಲ್ಲಿ ದುಡಿದವರು. ‘ಅಯ್ನೋರೆ, ನಮ್ಮ ಲೈನಿಗೆ ಬನ್ನಿ. ಗಂಟೆ ಸದ್ದು ಕೇಳಿ ಎಷ್ಟು ವರ್ಸ ಆಯ್ತು’ ಎಂದರು. ಅವರ ಜೊತೆ ಕೆಸರೆ ಕಡೆಯ ಬಸ್ಸಿನಲ್ಲಿ ಹೋದೆ. ಅದು ನಾನು ಕಂಡಿರದ ಮೈಸೂರು ಕಣೇ. ಒಂದು ಫರ್ಲಾಂಗಿಗೂ ಉದ್ದದ ಇಟ್ಟಿಗೆ ಗೋಡೆ, ಅದರಾಚೆ ಗರಗಸದ ಹಲ್ಲಿನ ಹಾಗೆ ಸಾಲಾಗಿ ಮಾಡು, ಗಾಜೆಲ್ಲ ಒಡೆದಿದೆ. ಹೊಗೆಯಿಲ್ಲದ ಚಿಮಣಿಯ ತುದಿಯಲ್ಲಿ ಆಲದ ಗಿಡ ಹುಟ್ಟಿದೆ. ಗೇಟಿನ ಮೇಲೆ ಹೆಸರಿನ ಬೋರ್ಡೂ ಉಳಿದಿಲ್ಲ. ಎದುರಿಗೆ ಅರಳಿಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರು ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದರು. ಮಿಲ್ಲು ನಿಂತು ಎರಡು ವರ್ಷವಾಗಿದೆ, ಆದರೂ ಬೆಳಗಿನ ಪಾಳಿಯ ಹೊತ್ತಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲವಂತೆ, ಬಂದುಬಿಡುತ್ತಾರಂತೆ.

ಗೋಡೆಯ ಪಕ್ಕದಲ್ಲೇ ಮಿಲ್ಲಿನವರು ಕೆಲಸಗಾರರಿಗೆ ಕಟ್ಟಿಸಿಕೊಟ್ಟ ಲೈನು. ಎರಡು ಸಾಲಿನಲ್ಲಿ ನಲವತ್ತು ಹೆಂಚಿನ ಮನೆ, ನಡುವೆ ಒಂದೇ ನಲ್ಲಿ. ಪ್ರತಿ ಮನೆಗೂ ಜಗಲಿ, ನೋಡು! ಸಿದ್ದಮಲ್ಲಪ್ಪ ‘ಅಯ್ನೋರು ಬಂದವ್ರೆ’ ಎಂದು ಕೂಗಿದ್ದೇ ತಡ, ಗುಂಡ್ಲುಪೇಟೆ, ನಂಜನಗೂಡು, ಹುಣಸೂರು ಕಡೆಯಿಂದ ನಲವತ್ತು ವರ್ಷದ ಕೆಳಗೆ ಬಂದು ಸೇರಿದ ಜನವೆಲ್ಲ ಹೊರಗೆ ಬಂತು. ಪ್ರೇಮಮ್ಮ ಎಂಬಾಕೆ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಹಾಕಿ, ಮೊರದಲ್ಲಿ ಅಕ್ಕಿ, ಮೇಲೊಂದು ತುಂಡು ಬೆಲ್ಲ ಇಟ್ಟು ತಂದಳು. ಶಾಂತಾದೇವಿ ಎಂದು ಒಬ್ಬ ಮುತ್ತಜ್ಜಿ, ಗಂಡ ಮಗ್ಗದ ಖಾತೆಯಲ್ಲಿದ್ದವನು ತೀರಿಕೊಂಡು ಹತ್ತು ವರ್ಷ. ಕಣ್ಣು ಮಂಜು, ಆದರೂ ಜೋಳಿಗೆಯ ಬಾಯನ್ನು ಕೈಯಿಂದ ತಡವಿ ಹುಡುಕಿ ಒಂದು ಕಾಳು ಚೆಲ್ಲದಂತೆ ಹಾಕಿದರು. ಚಿಕ್ಕಣ್ಣ ಎಂಬ ಜಾಬರ್, ಎಂದರೆ ಮಿಲ್ಲಿನ ಆಳುಗಳ ಮೇಸ್ತ್ರಿ, ‘ನಾವು ನಿಮ್ಮ ಪೈಕಿ ಅಲ್ಲ ಅಯ್ನೋರೆ, ನಡೀತದಾ?’ ಎಂದು ಕೇಳಿದ. ನಡೆಯದೆ ಏನಯ್ಯ, ಕೊಡುವ ಕೈಯ ಜಾತಿ ಕೇಳಬಾರದು ಅಂತ ನಮ್ಮಪ್ಪನೇ ಹೇಳಿದ್ದಾನೆ ಎಂದೆ. ಆ ದಿನ ಹದಿನೆಂಟು ಮನೆಯಲ್ಲಿ ಜನವಿದ್ದರು, ಹದಿನೆಂಟೂ ಮನೆಯವರು ಹಾಕಿದರು. ಮನೆಗೆ ತಂದಾಗ ವಾಣಿ ಏನೂ ಕೇಳದೆ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಟ್ಟಳು. ನನಗೆ ಆ ವಾರವೆಲ್ಲ ಊರಿಗೆ ಹೋಗಿ ಬಂದಷ್ಟು ಸಂತೋಷವಾಗಿತ್ತು.

ಮೂರನೆಯ ಸೋಮವಾರ ಚಿಕ್ಕಣ್ಣ ಒಂದು ಕಾಗದ ತಂದು ನನ್ನ ಕೈಗಿಟ್ಟ. ಕಾನೂನಿನ ಕನ್ನಡ, ಓದಿ ಬಿಡಿಸಿ ಹೇಳಿ ಎಂದ. ಮಿಲ್ಲನ್ನು ಪೂರ್ತಿ ಮುಚ್ಚುವುದರಿಂದ ವಸತಿಗೃಹಗಳನ್ನು ನವೆಂಬರ್ ಒಳಗೆ ತೆರವು ಮಾಡತಕ್ಕದ್ದು ಎಂದಿತ್ತು. ಕೆಳಗೆ ಸಿಬ್ಬಂದಿ ಅಧಿಕಾರಿಯ ಸಹಿ. ಹೆಸರು ಓದುವ ಮುಂಚೆಯೇ ಅಕ್ಷರ ಗುರುತು ಹತ್ತಿತು ಗಿರಿಜಾ. ಆ ‘ವಿ’ಯ ಗುಡಿಸನ್ನು ಅಷ್ಟು ದೊಡ್ಡದಾಗಿ ಸುತ್ತಲು ಮರಳಿನ ಮೇಲೆ ಬೆರಳು ಹಿಡಿದು ಕಲಿಸಿದವನು ನಾನೇ. ನಮ್ಮ ವಿಶ್ವನ ಮಿಲ್ಲು ಅದು! ಮಗ ಮಿಲ್ಲಿನಲ್ಲಿ ಆಫೀಸರು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆನೇ ಹೊರತು, ಯಾವ ಮಿಲ್ಲು, ಅದು ನಡೆಯುತ್ತಿದೆಯೋ ನಿಂತಿದೆಯೋ, ಅಲ್ಲಿ ನಿನ್ನ ಕೆಲಸ ಏನಪ್ಪ ಎಂದು ಹನ್ನೆರಡು ವರ್ಷದಲ್ಲಿ ಒಂದು ಸಲ ಕೇಳಿರಲಿಲ್ಲ. ಎಂಥ ಅಪ್ಪ ನಾನು. ಚಿಕ್ಕಣ್ಣ ನನ್ನ ಎದುರಿಗೇ ‘ಈ ಸೈನು ಹಾಕ್ದೋನ ಕೈ ಸೇದೋಗ’ ಎಂದು ಶಾಪ ಹಾಕಿದ. ಪ್ರೇಮಮ್ಮ ಗದರಿದಳು: ‘ಬುಡು ಚಿಕ್ಕಣ್ಣ, ಅವ್ರೂ ಸಂಬಳಕ್ಕಿರೋರೇ. ನೋಟೀಸು ಕೊಡಕ್ಕೆ ಬಂದೋರು ನಮ್ಮ ಜಗಲಿ ಮೇಲೆ ಕೂತು ನೀರು ಈಸ್ಕೊಂಡು ಕುಡುದ್ರು, ತಲೆ ಎತ್ನಿಲ್ಲ.’ ಅವನು ನನ್ನ ಮಗ ಕಣ್ರಪ್ಪ, ಅವನ ಕೈಗೆ ಶಾಪ ಹಾಕಬೇಡಿ ಎನ್ನಲು ಬಾಯಿ ತೆರೆದೆ. ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ. ಅಕ್ಕಿ ಹಾಕಿಸಿಕೊಂಡು ಹೊರಟುಬಂದೆ.

ಅಂದಿನಿಂದ ನಮ್ಮ ಹುಡುಗನನ್ನು ನೆಟ್ಟಗೆ ನೋಡಲು ಶುರುಮಾಡಿದೆ. ಬೆಳಿಗ್ಗೆ ಸ್ಕೂಟರಿನ ಮೇಲೆ ಕೂತವನು ಐದು ನಿಮಿಷ ಕಿಕ್ ಹೊಡೆಯದೆ ಸುಮ್ಮನೆ ಕೂತಿರುತ್ತಾನೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾನೆ. ನಲವತ್ತಕ್ಕೇ ಕಿವಿಯ ಮೇಲೆ ಎಲ್ಲ ಬೆಳ್ಳಗಾಗಿದೆ. ಒಂದು ದಿನ ಅವರೆಕಾಯಿ ಬಿಡಿಸುತ್ತಾ ವಾಣಿಯನ್ನು ಕೇಳಿದೆ. ‘ಆ ಲೈನಿನವ್ರಿಗೆ ಎಲ್ಲಾದ್ರೂ ಸೈಟು ಕೊಡ್ಸೋಣ ಅಂತ ಭಾನುವಾರ ಭಾನುವಾರ ಆಫೀಸರುಗಳ ಮನೆ ಬಾಗಿಲು ತಟ್ತಾರೆ ಮಾವ. ಕಡೇ ಮನೆ ಖಾಲಿಯಾದ ತಿಂಗ್ಳಿಗೆ ಇವ್ರ ಕೆಲಸಾನೂ ಮುಗೀತದೆ. ನಿಮ್ಗೆ ಹೇಳ್ಬೇಡ ಅಂದಿದ್ರು’ ಎಂದಳು. ಅವನೂ ಬಾಗಿಲಿಂದ ಬಾಗಿಲಿಗೆ ತಿರುಗುತ್ತಿದ್ದಾನೆ, ನನಗೆ ತಿಳಿಯದು. ಆಮೇಲೆ ನಾನು ಸೋಮವಾರವಲ್ಲದ ದಿನಗಳಲ್ಲೂ ಬಸ್ಸು ಹತ್ತಿ ಈ ಊರನ್ನು ಸುತ್ತಿದೆ. ರೈಲ್ವೆ ವರ್ಕ್‌ಶಾಪಿನ ಗೋಡೆ, ಗಂಧದೆಣ್ಣೆಯ ವಾಸನೆ ಬರುವ ಬೀದಿ, ಊ‍ದಿನಕಡ್ಡಿ ಹೊಸೆದು ಕೈಯೆಲ್ಲ ಕಪ್ಪಾದ ಹೆಂಗಸರು, ಎಲ್ಲ ನೋಡಿದೆ. ನಡುವೆ ಹಳೆಯ ಕಾರ್ಖಾನೆಗಳು, ಸುತ್ತ ಎತ್ತ ನೋಡಿದರೂ ಬಡಾವಣೆ. ಒಲೆ ಆರಿದ್ದು ಗೊತ್ತಿಲ್ಲದೆ ಸುತ್ತ ಎಲೆ ಹಾಕಿಕೊಂಡು ಕೂತ ಪಂಕ್ತಿಯಂತೆ ಕಂಡಿತು. ಹಾಗೆಂದು ಬೇಸರವಾಗಲಿಲ್ಲ ಕಣೇ, ಅಯ್ಯೋ ಅನ್ನಿಸಿತು. ದುಡಿದು ದಣಿದ ಊರು ಇದು. ಅರಮನೆಯ ದೀಪ ನೋಡಿ ಹೋಗುವವರಿಗೆ ಇದು ಕಾಣಿಸುವುದಿಲ್ಲ.

ಲೈನಿಗೆ ಹೋಗುವುದನ್ನು ಬಿಟ್ಟುಬಿಡಬಹುದಿತ್ತಲ್ಲ ಎನ್ನುತ್ತೀಯೆ. ಬಿಡಲು ನೋಡಿದೆ, ಸೋಮವಾರ ಬಂದರೆ ಕಾಲು ಅತ್ತಲೇ ಎಳೆಯಿತು. ಜನ ಖಾಲಿ ಮಾಡುತ್ತಾ ಹದಿನೆಂಟು ಮನೆ ಹನ್ನೊಂದಾಯಿತು, ಏಳಾಯಿತು. ಕಾರ್ತಿಕದ ಎರಡನೇ ಸೋಮವಾರ ಪ್ರೇಮಮ್ಮನ ಮೊರದಲ್ಲಿ ಅಕ್ಕಿಯ ಬದಲು ರಾಗಿಹಿಟ್ಟು ಇತ್ತು. ಬೇಡ ತಾಯಿ, ಇಟ್ಟುಕೋ ಎನ್ನಲು ನಾಲಗೆ ತುದಿಗೆ ಬಂತು. ಹಾಗೆ ಅಂದರೆ ನಿನ್ನ ಮನೆ ಬಡವಾಯಿತು ಎಂದು ಅವಳ ಬಾಗಿಲಲ್ಲೇ ನಿಂತು ನಾನು ಸಾರಿದಂತೆ. ಹಾಕಿಸಿಕೊಂಡೆ. ಅವಳ ಮುಖ ಅರಳಿತು. ಮಾರನೆಯ ವಾರ ಐದೇ ಮನೆ ಉಳಿದಿದ್ದವು. ಸಿದ್ದಮಲ್ಲಪ್ಪ, ಪ್ರೇಮಮ್ಮ, ಚಿಕ್ಕಣ್ಣ, ಮೂಲೆಮನೆಯ ಜವರಪ್ಪ, ಶಾಂತಾದೇವಜ್ಜಿ. ‘ಅಯ್ನೋರ ಲೆಕ್ಕಕ್ಕೆ ಸರಿಯಾಗಿ ಐದು ಉಳ್ಕೊಂಡಿದ್ದೀವಿ’ ಎಂದು ಚಿಕ್ಕಣ್ಣನೇ ನಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೊನ್ನೆ ಕಡೇ ಕಾರ್ತಿಕ ಸೋಮವಾರ. ನಾಲ್ಕು ಮನೆ ಮುಗಿಸಿ ಅಜ್ಜಿಯ ಬಾಗಿಲಿಗೆ ಹೋದರೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ‘ಶನಿವಾರ ಕೃಷ್ಣಮೂರ್ತಿಪುರಂಗೆ ತಮ್ಮನ ಮನೆಗೆ ಹೋದ್ರು ಅಯ್ನೋರೆ. ನೋಟೀಸು ಕೊಟ್ಟ ಸಾಹೇಬ್ರೇ ನಿಂತು ಸಾಮಾನು ಗಾಡಿಗೆ ಏರಿಸ್ಕೊಟ್ರು’ ಎಂದಳು ಪ್ರೇಮಮ್ಮ. ಲೈನಿನ ಹಿಂದಿನ ಬೀದಿಗೆ ಹೋಗಿ ಒಂದು ಬಾಗಿಲಲ್ಲಿ ಗಂಟೆ ಬಾರಿಸಿದೆ, ‘ಮುಂದಕ್ಕೆ ಹೋಗಿ’ ಎಂದರು. ಇನ್ನೊಂದು ಬಾಗಿಲು ತೆರೆಯಲೇ ಇಲ್ಲ. ಅಷ್ಟು ಹೊತ್ತಿಗೆ ನೆರಳು ಕಾಲಡಿಗೆ ಬಂದಿತ್ತು, ಹೊತ್ತು ಮೀರಿತು. ಬಸ್ಸಿನಲ್ಲಿ ಜೋಳಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದು, ವಿಶ್ವನ ಮನೆಯ ಮೆಟ್ಟಿಲ ಮೇಲೆ ಕೂತೆ. ಊಟಕ್ಕೇಳಿ ಎಂದು ವಾಣಿ ಕರೆದರೆ, ಇವತ್ತು ನಾಲ್ಕೇ ಮನೆ ಆಯಿತಮ್ಮ, ಉಪವಾಸ ಎಂದೆ. ಅವಳು ಒಳಗೆ ಹೋಗಿ ಆಫೀಸಿಗೆ ಫೋನು ಮಾಡಿದಳು. ಇಷ್ಟೇ ಇಲ್ಲಿಯ ಸಮಾಚಾರ. ಬೇರೆ ವಿಶೇಷ ಏನೂ ಇಲ್ಲ.

ಚೂಡಾಮಣಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಕೂಸಿನ ಕೆನ್ನೆಗೆ ನನ್ನ ಗಡ್ಡ ಚುಚ್ಚಿದಷ್ಟು ಮುತ್ತು ಕೊಡು. ಕೊಬ್ಬರಿ ಎಣ್ಣೆ ಕಾಸಿ ಮಂಡಿಗೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಿನ್ನ ಶಿವಪೂಜೆಯ ಹೊತ್ತಿಗೆ ನನ್ನನ್ನೂ ಒಂದು ಗಳಿಗೆ ನೆನೆಸಿಕೋ, ನಾನೂ ಇಲ್ಲಿ ಹಾಗೇ ಮಾಡುತ್ತೇನೆ.

ಇಂತಿ,
ನಿನ್ನ
ಸದಾಶಿವಯ್ಯ

ತಾ.ಕ.: ವಿಶೇಷ ಏನೂ ಇಲ್ಲ ಎಂದು ಬರೆದದ್ದು ಸುಳ್ಳು. ಕಾಗದ ಮಡಿಸಿ ಅಂಟಿಸಲು ಹೋದವನಿಗೆ ಕೈ ಬರಲಿಲ್ಲ, ಅಂಚಿನಲ್ಲಿ ಉಳಿದ ಜಾಗದಲ್ಲಿ ಬರೆಯುತ್ತಿದ್ದೇನೆ. ಐಶ್ವರ್ಯ ಅಂಚೆ ಡಬ್ಬಕ್ಕೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಸೋಮವಾರ ಫೋನು ಹೋದ ಅರ್ಧ ಗಂಟೆಗೆ ವಿಶ್ವ ಬಂದ. ಎಲ್ಲಿಗೆ ಹೋಗಿದ್ರಿ, ಯಾಕೆ ನಾಲ್ಕೇ ಎಂದು ಕೇಳಿದ. ಹೇಳಿದೆ. ಏಳು ವಾರದ್ದೂ ಹೇಳಿದೆ, ನೋಟೀಸು ಓದಿದ್ದೂ ಹೇಳಿದೆ. ಅವನು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತ. ಆಮೇಲೆ ಎದ್ದು ಒಳಗೆ ಹೋಗಿ ಮೊರದ ತುಂಬ ಅಕ್ಕಿ ತಂದು, ನಡುಹಗಲಲ್ಲಿ, ಎದುರುಮನೆಯವರು ನೋಡುತ್ತಿದ್ದಂತೆ, ನನ್ನ ಮುಂದೆ ನಿಂತ. ‘ಆ ಅಜ್ಜಿ ಮನೆ ಖಾಲಿ ಮಾಡ್ಸಿದ್ದು ನಾನೇ ಅಪ್ಪಾಜಿ. ಐದನೇ ಮನೆ ನಂದು ಅಂದ್ಕೊಳ್ಳಿ. ಮಗನ ಮನೆ ಆಗಲ್ಲ ಅಂದ್ರೆ ಮಗ ಅಲ್ಲ ಅಂದ್ಕೊಳ್ಳಿ. ಹದಿನಾರು ವರ್ಷಕ್ಕೇ ಮನೆ ಬಿಟ್ಟೋನಲ್ವಾ, ತಪ್ಪೇನಿಲ್ಲ, ಹಿಡೀರಿ’ ಎಂದ. ಮೊರ ಓರೆಯಾಗಿ ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲುತ್ತಿತ್ತು. ಜೋಳಿಗೆ ಹಿಡಿದಿದ್ದರೆ, ಹೊತ್ತು ಮೀರಿದ್ದರೂ ಐದರ ಲೆಕ್ಕವಾದರೂ ತುಂಬುತ್ತಿತ್ತು, ಆದರೆ ಅವನು ಹೊರಗಿನವನಾಗುತ್ತಿದ್ದ. ಉಪವಾಸ ಕೂತಿದ್ದರೆ ಆ ಹಸಿವೆಲ್ಲ ಅವನ ತಲೆಗೆ ಸುತ್ತಿಕೊಳ್ಳುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ಲೋ, ಮೊರ ಒಳಗಿಡೋ. ನೀನು ಐದನೇ ಮನೆಯವನಾದ್ರೆ ನಾನು ಯಾರ ಮನೆಗೋ ಬಂದಿರೋದು? ವಾಣಿ, ಎಲೆ ಹಾಕಮ್ಮ, ಹೊಟ್ಟೆ ಚುರುಗುಟ್ತಾ ಇದೆ’ ಎಂದು ಕೂಗಿದೆ. ನಾಲ್ಕು ಮನೆಯ ಅಕ್ಕಿಯನ್ನು ಮಗನ ಮನೆಯ ಅಕ್ಕಿಯ ಜೊತೆಗೇ ಒಂದೇ ಪಾತ್ರೆಯಲ್ಲಿ ಬೇಯಿಸಿ ಹಾಕಿದಳು. ವಿಶ್ವ ಪಕ್ಕದಲ್ಲಿ ಕೂತು ಅಳುತ್ತಲೇ ಉಂಡ, ಎಲೆಯಲ್ಲಿ ಒಂದಗುಳು ಬಿಡಲಿಲ್ಲ. ಐವತ್ತೊಂದು ವರ್ಷದ ಕಟ್ಟಳೆ ಮುರಿದೆ ಗಿರಿಜಾ. ಮಠಕ್ಕೆ ಹೋಗಿ ಪ್ರಾಯಶ್ಚಿತ್ತ ಕೇಳಿ ಎಂದು ಮಾತ್ರ ಬರೆಯಬೇಡ. ಆ ಊಟಕ್ಕೆ ನಾನು ಪ್ರಾಯಶ್ಚಿತ್ತ ಮಾಡಿಕೊಳ್ಳುವವನಲ್ಲ.